ಘಟ್ಟದ ಆಚೆಯ ಯಂತ್ರ: ಹಂಚಿಕೆಯ ಜೀವಭೌತ ಪ್ರಯೋಗಾಲಯದ ಚರಿತ್ರೆ, ವಯನಾಡಿನಿಂದ ನೋಡಿದಾಗ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದೆ. ಕೊನೆಯ ಪ್ರಶ್ನೋತ್ತರದಿಂದ ವಿಷಯಕ್ಕೆ ಹೊಂದುವ ಭಾಗವನ್ನಷ್ಟೇ ಸೇರಿಸಿದೆ.)

 

ನನಗೆ ಕೊಟ್ಟಿರುವ ವಿಷಯ, ಜೀವಭೌತಶಾಸ್ತ್ರದ ಉಪಕರಣಗಳಿಗಾಗಿ ವಿಶ್ವವಿದ್ಯಾಲಯವೊಂದು ಹಂಚಿಕೆಯ ಪ್ರಯೋಗಾಲಯ ಕಟ್ಟೋದು ಹೇಗೆ ಅನ್ನೋದು. ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗೋ ಉತ್ತರ ಒಂದು ಪಟ್ಟಿ. ಇಂತಿಂಥ ಯಂತ್ರ, ಇಷ್ಟು ಬೆಲೆ, ಇಷ್ಟು ಚದರಡಿ, ಹವಾನಿಯಂತ್ರಣ, ಯುಪಿಎಸ್. ನಾನು ಓದ್ತಿರೋದು ವಿಜ್ಞಾನದ ಚರಿತ್ರೆ, ಹಾಗಾಗಿ ಬೇರೆ ಕಡೆಯಿಂದ ಬರ್ತೀನಿ. ನಮ್ಮ ದಕ್ಷಿಣದಲ್ಲಿ ಇಂಥ ಪ್ರಯೋಗಾಲಯಗಳು ಹೇಗೆ ಹುಟ್ಟಿದವು, ಹುಟ್ಟಿದ ಮೇಲೆ ಯಾರ ಕೈಗೆ ಎಟುಕಿದವು, ಯಾರಿಗೆ ಎಟುಕಲಿಲ್ಲ ಅನ್ನೋದನ್ನ ನೋಡೋಣ. ನೋಡೋದಕ್ಕೆ ನಿಲ್ಲುವ ಜಾಗ ವಯನಾಡು. ಬೆಂಗಳೂರಿನಲ್ಲಿ ನಿಂತು ನೋಡಿದರೆ ಈ ಚರಿತ್ರೆ ಬರೀ ಯಶಸ್ಸಿನ ಕತೆಯಾಗಿ ಕಾಣುತ್ತೆ. ಕಲ್ಪೆಟ್ಟದಲ್ಲೋ ಮಾನಂದವಾಡಿಯಲ್ಲೋ ನಿಂತರೆ ಅದೇ ಕತೆಯ ಇನ್ನೊಂದು ಮಗ್ಗುಲು ಕಾಣುತ್ತೆ.

ವಯನಾಡನ್ನ ಆರಿಸಿಕೊಳ್ಳೋಕೆ ಇನ್ನೊಂದು ಕಾರಣವೂ ಇದೆ. ಜೀವಭೌತಶಾಸ್ತ್ರ ಮತ್ತು ವೈದ್ಯಶಾಸ್ತ್ರ ಮೊದಲ ಸಲ ಗಟ್ಟಿಯಾಗಿ ಕೈಕುಲುಕಿದ್ದು ಒಂದು ಕಾಯಿಲೆಯ ವಿಷಯದಲ್ಲಿ. ಆ ಕಾಯಿಲೆ ಈ ಜಿಲ್ಲೆಯ ಮನೆಮನೆಯ ಮಾತು. ಸಿಕಲ್ ಸೆಲ್, ಕುಡಗೋಲು ಕಣದ ರಕ್ತಹೀನತೆ.

1949ರಲ್ಲಿ ಲೈನಸ್ ಪೌಲಿಂಗ್, ಹಾರ್ವೆ ಇಟಾನೊ ಮತ್ತು ಇಬ್ಬರು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಕುಡಗೋಲು ಕಣ ಇರುವವರ ಹಿಮೋಗ್ಲೋಬಿನ್ನಿಗೂ ಉಳಿದವರದ್ದಕ್ಕೂ ವಿದ್ಯುದಾವೇಶದಲ್ಲಿ ವ್ಯತ್ಯಾಸ ಇದೆ, ಆದ್ದರಿಂದ ಇದು ಅಣುವಿನ ಕಾಯಿಲೆ ಅಂತ ಅದರಲ್ಲಿ ಸಾಧಿಸಿದ್ದರು. ಕಾಯಿಲೆಯೊಂದರ ಮೂಲವನ್ನ ಒಂದೇ ಒಂದು ಅಣುವಿನೊಳಗೆ ತೋರಿಸಿದ್ದು ಅದೇ ಮೊದಲು. ಅವರ ಕೈಯಲ್ಲಿದ್ದ ಯಂತ್ರ ಸ್ವೀಡನ್ನಿನ ಆರ್ನೆ ಟಿಸೇಲಿಯಸ್ ರೂಪಿಸಿದ ಎಲೆಕ್ಟ್ರೋಫೊರೆಸಿಸ್ ಉಪಕರಣ. ಅದು ಮೇಜಿನ ಮೇಲೆ ಇಡುವಂಥದ್ದಲ್ಲ. ದುಬಾರಿಯೂ ಹೌದು, ಜಾಗ ತಿನ್ನುವಂಥದ್ದೂ ಹೌದು. ಅಮೆರಿಕದಲ್ಲೂ ಬೆರಳೆಣಿಕೆಯ ಪ್ರಯೋಗಾಲಯಗಳಲ್ಲಿ ಮಾತ್ರ ಇತ್ತು. ಹಾಗಾಗಿ ಅದು ಶುರುವಿನಿಂದಲೇ ಹಲವರು ಹಂಚಿಕೊಳ್ಳಬೇಕಾದ ಯಂತ್ರ.

ಅದಾಗಿ ಮೂರೇ ವರ್ಷಕ್ಕೆ, 1952ರಲ್ಲಿ, ಹರ್ಮನ್ ಲೇಮನ್ ಮತ್ತು ಮರೀ ಕಟ್‌ಬುಷ್ ದಕ್ಷಿಣ ಭಾರತದ ಕುಡಗೋಲು ಕಣದ ಬಗ್ಗೆ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬರೆದರು. ಅವರು ರಕ್ತ ತೆಗೆದದ್ದು ನೀಲಗಿರಿಯ ಆದಿವಾಸಿಗಳದ್ದು. ನೀಲಗಿರಿ ಅಂದರೆ ವಯನಾಡಿನ ಪಕ್ಕದ ಮನೆ. ಗೂಡಲೂರು, ಪಂದಲೂರು ಕಡೆಯನ್ನ ಇವತ್ತಿಗೂ ನೀಲಗಿರಿ-ವಯನಾಡು ಅಂತಲೇ ಕರೀತಾರೆ. ಆಗಿನ್ನೂ ವಯನಾಡು ಮದ್ರಾಸ್ ರಾಜ್ಯದ ಮಲಬಾರ್ ಜಿಲ್ಲೆಯ ಭಾಗ, ಅದು ಪ್ರತ್ಯೇಕ ಜಿಲ್ಲೆಯಾಗಿದ್ದು 1980ರ ನವೆಂಬರ್ 1ರಂದು. ಇಲ್ಲಿ ನಾವು ಗಮನಿಸಬೇಕಾದದ್ದು, ಲೇಮನ್ ಅವರ ಪ್ರಶ್ನೆ ಚಿಕಿತ್ಸೆಯದ್ದಲ್ಲ. ಭಾರತಕ್ಕೂ ಆಫ್ರಿಕಕ್ಕೂ ನಡುವೆ ಹಳೆಯ ಜನಾಂಗೀಯ ನಂಟು ಇತ್ತೇ, ‘ವೆಡ್ಡಾಯಿಡ್’ ಅಂತ ಆಗಿನವರು ಕರೀತಿದ್ದ ಗುಂಪುಗಳ ಮೂಲ ಯಾವುದು ಅನ್ನೋದು ಆ ಪ್ರಶ್ನೆ. ಹನಿ ರಕ್ತ ಇಲ್ಲಿಂದ ಹೋಯ್ತು, ಪ್ರಶ್ನೆ ಮಾತ್ರ ಬೇರೆ ಕಡೆಯಿಂದ ಬಂದಿತ್ತು. ಈ ಮಾತನ್ನ ನೆನಪಿನಲ್ಲಿ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ನಮ್ಮ ಕಡೆಯ ಪ್ರಯೋಗಾಲಯಗಳಿಗೆ ಬರೋಣ.

ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಜಾಗಕ್ಕೆ, ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಭೌತಶಾಸ್ತ್ರ ವಿಭಾಗ ತೆರೆದರು. ಸಂಸ್ಥೆಯ ವರ್ಕ್‌ಶಾಪನ್ನ ಮತ್ತೆ ಕಟ್ಟಿ, ನಿಖರ ಉಪಕರಣಗಳನ್ನ ಇಲ್ಲೇ ತಯಾರಿಸುವ ಹಾಗೆ ಮಾಡಿದರು. ಆದರೆ ಜಗಳವೂ ಆಯ್ತು. ಹಣವೆಲ್ಲ ಭೌತಶಾಸ್ತ್ರಕ್ಕೇ ಹರಿದು ಹೋಗ್ತಿದೆ ಅನ್ನೋದು ಇತರ ವಿಭಾಗಗಳ ದೂರಿನ ಒಂದು ಎಳೆ. 1936ರಲ್ಲಿ ಅರ್ವಿನ್ ಸಮಿತಿ ವಿಚಾರಣೆಗೆ ಬಂತು, 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟು ಪ್ರಾಧ್ಯಾಪಕರಾಗಿ ಉಳಿದರು. ಯಂತ್ರ ಯಾರ ಕೋಣೆಯಲ್ಲಿ ಇರಬೇಕು ಅನ್ನೋ ಜಗಳ ನಮ್ಮ ವಿಭಾಗಗಳಲ್ಲಿ ಇವತ್ತೂ ಕೇಳ್ತೀವಲ್ಲ, ಅದರ ವಂಶಾವಳಿ ಸಾಕಷ್ಟು ದೊಡ್ಡದು.

ರಾಮನ್ ಶಿಷ್ಯ ಜಿ.ಎನ್. ರಾಮಚಂದ್ರನ್ 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. 1942ರಲ್ಲಿ ಬೆಂಗಳೂರಿಗೆ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದೋಕೆ ಬಂದು ರಾಮನ್ ಕೈಗೆ ಸಿಕ್ಕಿ ಭೌತಶಾಸ್ತ್ರಕ್ಕೆ ತಿರುಗಿದರು. ಕೇಂಬ್ರಿಡ್ಜಿಗೆ ಹೋಗಿ ಬಂದು, 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ವಯಸ್ಸು ಮೂವತ್ತು ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. ಅಲ್ಲಿ ಎಕ್ಸ್-ರೇ ಪ್ರಯೋಗಾಲಯ ಕಟ್ಟಿದರು. ಮದ್ರಾಸಿಗೆ ಭೇಟಿ ಕೊಟ್ಟ ಜೆ.ಡಿ. ಬರ್ನಾಲ್, ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಸರಿಯಾಗಿ ಬಿಡಿಸಿಲ್ಲ ಅಂದರಂತೆ. ಕೊಲಾಜನ್ ಎಲ್ಲಿ ಸಿಗುತ್ತೆ? ಚರ್ಮದಲ್ಲಿ, ಸ್ನಾಯುರಜ್ಜುವಿನಲ್ಲಿ. 1948ರಲ್ಲಿ ಶುರುವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಅಲ್ಲೇ ನೆರೆಯಲ್ಲೇ ಇತ್ತು, ಮಾದರಿ ಅಲ್ಲಿಂದ ಬಂತು. 1954ರಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ ತ್ರಿಸುರುಳಿ ರಚನೆಯನ್ನ ‘ನೇಚರ್’ನಲ್ಲಿ ಪ್ರಕಟಿಸಿದರು.

ಈ ಕತೆಯನ್ನ ಸಾಮಾನ್ಯವಾಗಿ ಪ್ರತಿಭೆಯ ಕತೆಯಾಗಿ ಹೇಳ್ತಾರೆ, ಅದು ಸರಿಯೇ. ನಾನು ಇದರಲ್ಲಿ ಓದೋದು ಸ್ವಲ್ಪ ಬೇರೆ. ಮಾದರಿ ಇರುವ ಜಾಗ ಮತ್ತು ಯಂತ್ರ ಇರುವ ಜಾಗ ನಡೆದು ಹೋಗುವಷ್ಟು ಹತ್ತಿರ ಇದ್ದವು. ಎಕ್ಸ್-ರೇ ಯಂತ್ರ ಲಂಡನ್ನಿನದಕ್ಕಿಂತ ಮೇಲು ಅಂತೇನಲ್ಲ. ಆದರೆ ಒಂದು ಎಳೆ ಹಾಳಾದರೆ ಇನ್ನೊಂದನ್ನ ತರೋಕೆ ಹಡಗಿಗೆ ಕಾಯಬೇಕಾಗಿರಲಿಲ್ಲ. ಒಂಬತ್ತು ವರ್ಷ ಆದ ಮೇಲೆ, 1963ರಲ್ಲಿ, ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಅವರು ಕೊಟ್ಟ ರಾಮಚಂದ್ರನ್ ನಕ್ಷೆ ಇವತ್ತು ಜಗತ್ತಿನ ಎಲ್ಲ ಜೀವರಸಾಯನ ಪಠ್ಯಪುಸ್ತಕಗಳಲ್ಲೂ ಇದೆ. ಅದಕ್ಕೆ ದೊಡ್ಡ ಯಂತ್ರವೇ ಬೇಕಾಗಿರಲಿಲ್ಲ, ಪರಮಾಣುಗಳು ಎಷ್ಟು ಹತ್ತಿರ ಬರಬಹುದು ಅನ್ನೋ ಲೆಕ್ಕ ಸಾಕಾಯ್ತು.

1971ರಲ್ಲಿ, ಸತೀಶ್ ಧವನ್ ನಿರ್ದೇಶಕರಾಗಿದ್ದಾಗ, ರಾಮಚಂದ್ರನ್ ಬೆಂಗಳೂರಿಗೆ ಮರಳಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ಅದೇ ವರ್ಷ ಎಂ. ವಿಜಯನ್, ಇನ್ಸುಲಿನ್ ರಚನೆಯ ಮೇಲೆ ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಡ್ಜ್‌ಕಿನ್ ಜೊತೆ ಕೆಲಸ ಮಾಡಿ, ಅದೇ ಸಂಸ್ಥೆಗೆ ವಾಪಸ್ ಬಂದರು. ಅವರಿಗೆ ಮಾಡಬೇಕು ಅಂತ ಇದ್ದದ್ದು ಪ್ರೋಟೀನ್ ಸ್ಫಟಿಕಗಳ ಕೆಲಸ. ಅದಕ್ಕೆ ಬೇಕಾದ ಎಕ್ಸ್-ರೇ ಮೂಲ, ಡಿಫ್ರಾಕ್ಟೋಮೀಟರ್, ಗಣಕಯಂತ್ರ ಇರಲಿಲ್ಲ. ಸುಮಾರು ಹನ್ನೆರಡು ವರ್ಷ ಸಣ್ಣ ಅಣುಗಳ ಮೇಲೆ, ಅಮೈನೊ ಆಮ್ಲ, ಪೆಪ್ಟೈಡ್‌ಗಳ ಮೇಲೆ ಕೆಲಸ ಮಾಡಿದರು. 1983ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ದೊಡ್ಡ ಅನುದಾನ ಸಿಕ್ಕ ಮೇಲಷ್ಟೇ ದೊಡ್ಡ ಅಣುಗಳ ಕೆಲಸ ಶುರು. ಕಡಲೇಕಾಯಿಯ ಲೆಕ್ಟಿನ್ ರಚನೆ ಪ್ರಕಟವಾದದ್ದು 1994ರಲ್ಲಿ, ಹಲಸಿನ ಬೀಜದ ಜಕಾಲಿನ್ 1996ರಲ್ಲಿ. ಕಡಲೇಕಾಯಿ, ಹಲಸು! ಬಸವನಗುಡಿಯ ಪರಿಷೆಯೂ ಮಲಬಾರಿನ ಹಿತ್ತಲೂ ಒಟ್ಟಿಗೆ ಪ್ರಯೋಗಾಲಯಕ್ಕೆ ಬಂದ ಹಾಗೆ. ತಮಾಷೆ ಬಿಡಿ, ಇದರ ಹಿಂದೆ ಗಟ್ಟಿ ಆಯ್ಕೆ ಇದೆ. ಹೇರಳವಾಗಿ, ಅಗ್ಗವಾಗಿ, ತಾಜಾ ಸಿಗುವ ಮಾದರಿಯಿಂದ ಶುರು ಮಾಡಿದರು.

ಆ ಎಕ್ಸ್-ರೇ ಸೌಲಭ್ಯ ಒಂದು ಗುಂಪಿನ ಆಸ್ತಿಯಾಗಿ ಉಳಿಯಲಿಲ್ಲ ಅನ್ನೋದು ನಮಗೆ ಮುಖ್ಯ. ಬೇರೆ ವಿಶ್ವವಿದ್ಯಾಲಯಗಳವರೂ ಸ್ಫಟಿಕ ತಗೊಂಡು ಬಂದು ಬಳಸುವ ರಾಷ್ಟ್ರೀಯ ಸೌಲಭ್ಯವಾಗಿ ಅದು ಬೆಳೀತು. ಅದಕ್ಕೂ ಮೊದಲೇ, 1970ರ ದಶಕದ ಉತ್ತರಾರ್ಧದಲ್ಲಿ, ಅದೇ ಆವರಣದಲ್ಲಿ 270 ಮೆಗಾಹರ್ಟ್ಸ್ ಎನ್‌ಎಂಆರ್ ಯಂತ್ರ ಇಟ್ಕೊಂಡು ಸೊಫಿಸ್ಟಿಕೇಟೆಡ್ ಇನ್‌ಸ್ಟ್ರುಮೆಂಟ್ಸ್ ಫೆಸಿಲಿಟಿ ಶುರುವಾಗಿತ್ತು. ದೇಶದ ಮಟ್ಟದಲ್ಲೂ ಆ ದಶಕದ ನಡುವಿನಿಂದ ಪ್ರಾದೇಶಿಕ ಉಪಕರಣ ಕೇಂದ್ರಗಳ ಯೋಜನೆ ಬಂತು, ಇವತ್ತು ಅವನ್ನೇ ಸೈಫ್ ಅಂತೀವಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಒಂದು ಇದೆ, ಕೊಚ್ಚಿ ವಿಶ್ವವಿದ್ಯಾಲಯದಲ್ಲಿ ಒಂದು ಇದೆ. ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆ ಆವರಣದ ಮೈಕ್ರೋಟ್ರಾನ್ ಇನ್ನೊಂದು ಬಗೆಯ ಉದಾಹರಣೆ. 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಆ ವೇಗವರ್ಧಕವನ್ನ ಭೌತಶಾಸ್ತ್ರದವರೂ ವಿಕಿರಣ ಜೀವಶಾಸ್ತ್ರದವರೂ ಸರದಿಯಲ್ಲಿ ಬಳಸ್ತಾರೆ. 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಐ-ಸ್ಟೆಮ್ ಜಾಲತಾಣ ಉದ್ಘಾಟನೆ ಆಯ್ತು. ಯಾವ ಯಂತ್ರ ಎಲ್ಲಿದೆ ಅಂತ ಹುಡುಕಿ ಸಮಯ ಕಾದಿರಿಸಬಹುದು. ಕಾಗದದ ಮೇಲೆ ನೋಡಿದರೆ ಸಮಸ್ಯೆ ಬಗೆಹರಿದ ಹಾಗೇ.

ಹಂಚಿಕೊಳ್ಳೋದು ಅಂದರೇನು ಅಂತ ಯಂತ್ರದ ಹತ್ತಿರ ಹೋಗಿ ನೋಡಬೇಕು. ಅಲ್ಟ್ರಾಸೆಂಟ್ರಿಫ್ಯೂಜಿನ ಪಕ್ಕ ಒಂದು ಲಾಗ್ ಪುಸ್ತಕ ಇರುತ್ತೆ. ಪ್ರತಿ ಸಲ ಓಡಿಸಿದವರು ಹೆಸರು, ವೇಗ, ಎಷ್ಟು ಹೊತ್ತು ಅಂತ ಬರೀಬೇಕು. ಯಾಕಂದರೆ ಪ್ರತಿ ಓಟದಲ್ಲೂ ರೋಟರಿನ ಲೋಹ ಒಂಚೂರು ದಣಿಯುತ್ತೆ. ಅದರ ಆಯುಸ್ಸು ಮುಗಿದದ್ದು ಯಾರಿಗೂ ಗೊತ್ತಾಗದಿದ್ದರೆ ಒಂದು ದಿನ ಅದು ಒಳಗೇ ಒಡೆಯುತ್ತೆ, ಆಗ ಯಂತ್ರವೂ ಹೋಯ್ತು. ನಾನು ಬರೆಯದೆ ಬಿಟ್ಟ ಸಾಲಿಗೆ ಮುಂದಿನವರು ಬೆಲೆ ತೆರ್ತಾರೆ. ಸಿಡಿ ಸ್ಪೆಕ್ಟ್ರೋಪೋಲಾರಿಮೀಟರ್‌ಗೆ ಸಾರಜನಕ ಹಾಯಿಸದೆ ದೀಪ ಹಚ್ಚಿದರೆ ಓಝೋನ್ ಹುಟ್ಟಿ ಕನ್ನಡಿಗಳು ಹಾಳಾಗ್ತವೆ. ಎನ್‌ಎಂಆರ್ ಆಯಸ್ಕಾಂತಕ್ಕೆ ದ್ರವ ಸಾರಜನಕವನ್ನ ವಾರ, ಹತ್ತು ದಿನಕ್ಕೊಮ್ಮೆ ತುಂಬಬೇಕು. ಕೆಲವು ತಿಂಗಳಿಗೊಮ್ಮೆ ದ್ರವ ಹೀಲಿಯಂ. ಯಾರೂ ಪ್ರಯೋಗ ಮಾಡದೆ ಇದ್ದರೂ ತುಂಬಲೇಬೇಕು, ಹಸುವಿಗೆ ರಜೆಯಲ್ಲೂ ಮೇವು ಹಾಕುವ ಹಾಗೆ. ಈ ಕೆಲಸಗಳನ್ನ ಮಾಡುವವರು ತಂತ್ರಜ್ಞರು. ಅವರ ಹೆಸರು ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಬಂದರೆ ದೊಡ್ಡದು. ಬಹಳಷ್ಟು ಅನುದಾನಗಳಲ್ಲಿ ಯಂತ್ರಕ್ಕೆ ದುಡ್ಡು ಸಲೀಸು, ಕಾಯಂ ಹುದ್ದೆಗೆ ಕಷ್ಟ. ನನ್ನ ಅಭಿಪ್ರಾಯ ಕೇಳಿದರೆ, ಪ್ಲಾಸ್ಟಿಕ್ ಹೊದಿಕೆ ಹೊದ್ದು ಕೂತ ಯಂತ್ರಗಳಿಗೆ ಬಿಡಿಭಾಗದ ಕೊರತೆಗಿಂತ ಈ ಹುದ್ದೆಯ ಕೊರತೆಯೇ ದೊಡ್ಡ ಕಾರಣ.

ಈಗ ವಯನಾಡಿಗೆ ವಾಪಸ್ ಬರೋಣ.

ಈ ಜಿಲ್ಲೆಯಲ್ಲಿ ಸಂಸ್ಥೆಗಳಿಲ್ಲ ಅನ್ನೋ ಹಾಗಿಲ್ಲ. ಪೂಕೋಡಿನಲ್ಲಿ ಕೇರಳ ಪಶುವೈದ್ಯ ಮತ್ತು ಪ್ರಾಣಿ ವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಇದೆ, ಅದು ಸ್ಥಾಪನೆಯಾದದ್ದು 2010ರಲ್ಲಿ. ಮಾನಂದವಾಡಿಯಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಆವರಣ ಇದೆ, ಅಲ್ಲಿ ಪ್ರಾಣಿಶಾಸ್ತ್ರ ವಿಭಾಗ ಇದೆ. ಕಲ್ಪೆಟ್ಟದ ಹತ್ತಿರ ಪುತ್ತೂರ್‌ವಯಲಿನಲ್ಲಿ ಸ್ವಾಮಿನಾಥನ್ ಪ್ರತಿಷ್ಠಾನದ ಕೃಷಿ ಜೀವವೈವಿಧ್ಯ ಕೇಂದ್ರ 1997ರಿಂದ ಇದೆ. ಮಾನಂದವಾಡಿಯ ಜಿಲ್ಲಾ ಆಸ್ಪತ್ರೆಯನ್ನ 2021ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾಗಿ ಮೇಲ್ದರ್ಜೆಗೆ ಏರಿಸಿದರು. ಇವೆಲ್ಲಕ್ಕಿಂತ ಮೊದಲಿನಿಂದ ಮುಟ್ಟಿಲಿನ ಸ್ವಾಮಿ ವಿವೇಕಾನಂದ ಮೆಡಿಕಲ್ ಮಿಷನ್ ಕುಡಗೋಲು ಕಣದ ರೋಗಿಗಳನ್ನ ನೋಡಿಕೊಳ್ತಾ ಬಂದಿದೆ. ಅಲ್ಲಿನ ಡಾ. ಧನಂಜಯ ಸಗ್ದೇವ್ 1980ರಲ್ಲಿ ನಾಗಪುರದಿಂದ ಬಂದವರು, 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಪಣಿಯ, ಕುರಿಚ್ಯ, ಕುರುಮ, ಅಡಿಯ, ವಯನಾಡನ್ ಚೆಟ್ಟಿ ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಗಡಿ ದಾಟಿ ನಮ್ಮ ಕಡೆ ಬಂದರೆ ಎಚ್.ಡಿ. ಕೋಟೆಯ ಜೇನು ಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು. ವಯನಾಡಿನ ಕಾಟುನಾಯಕರು ನಮ್ಮ ಜೇನು ಕುರುಬರ ಬಳಗವೇ, ಅವರ ಮಾತಿಗೆ ಕನ್ನಡದವರು ಕಿವಿಗೊಟ್ಟರೆ ಅರ್ಧ ಹಿಡಿಸುತ್ತೆ. ಅಂದರೆ ಕಾಡು ಒಂದೇ, ಕಾಯಿಲೆ ಒಂದೇ. ರಾಜ್ಯ, ಆರೋಗ್ಯ ಇಲಾಖೆ, ವಿಶ್ವವಿದ್ಯಾಲಯ ಬೇರೆ ಬೇರೆ. 1997ರಲ್ಲಿ ಒಂದು ದೆಹಲಿ ತಂಡ ಒರಿಸ್ಸಾ, ಮಧ್ಯಪ್ರದೇಶ ಮತ್ತು ಕೇರಳದ ಬುಡಕಟ್ಟುಗಳ ಕುಡಗೋಲು ಕಣದ ಅಧ್ಯಯನ ಪ್ರಕಟಿಸಿತು. ಒಳ್ಳೆಯ ಕೆಲಸವೇ. ಆದರೆ ಆಗಲೂ ಯಂತ್ರ ದೂರದಲ್ಲಿತ್ತು, ಬೆಟ್ಟದಿಂದ ಹೋಗಿದ್ದು ಮಾದರಿ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. ತಪಾಸಣೆ ಅಂದರೆ ಇದೆಯೋ ಇಲ್ಲವೋ ಅಂತ ಹೇಳೋದು. ಅದಕ್ಕೆ ಮಾದರಿ ಪ್ರಯಾಣ ಮಾಡಬಹುದು. ತಣ್ಣಗಿಟ್ಟ ರಕ್ತ ಕೆಲವು ದಿನ ತಡೆಯುತ್ತೆ, ಕಾಗದದ ಮೇಲೆ ಒಣಗಿಸಿದ ಹನಿಯನ್ನ ಅಂಚೆಯಲ್ಲೂ ಕಳಿಸಬಹುದು.

ಜೀವಭೌತಶಾಸ್ತ್ರ ಕೇಳುವ ಪ್ರಶ್ನೆ ಬೇರೆ. 1956-57ರಲ್ಲಿ ವರ್ನನ್ ಇಂಗ್ರಾಂ ತೋರಿಸಿದ ಹಾಗೆ, ಈ ಹಿಮೋಗ್ಲೋಬಿನ್ನಿನಲ್ಲಿ ಬದಲಾಗಿರೋದು ಒಂದೇ ಒಂದು ಅಮೈನೊ ಆಮ್ಲ. ಬದಲಾವಣೆ ಎಲ್ಲ ರೋಗಿಗಳಲ್ಲೂ ಅದೇ. ಆದರೂ ಒಬ್ಬರು ಹತ್ತು ವರ್ಷಕ್ಕೇ ನರಳ್ತಾರೆ, ಇನ್ನೊಬ್ಬರು ಐವತ್ತು ದಾಟಿ ಗದ್ದೆ ಕೆಲಸ ಮಾಡ್ತಾರೆ. ಯಾಕೆ? 1974ರಲ್ಲಿ ಹಾಫ್ರಿಕ್ಟರ್, ರಾಸ್, ಈಟನ್ ಕಂಡದ್ದು ಇದು. ಆಮ್ಲಜನಕ ಬಿಟ್ಟ ಮೇಲೆ ಈ ಹಿಮೋಗ್ಲೋಬಿನ್ ತಕ್ಷಣ ಎಳೆಗಟ್ಟೋದಿಲ್ಲ, ಸ್ವಲ್ಪ ತಡೆದು ಕಟ್ಟುತ್ತೆ. ಆ ತಡ ಅದರ ಸಾಂದ್ರತೆಯ ಸುಮಾರು 30ನೇ ಘಾತದ ಮೇಲೆ ಅವಲಂಬಿಸಿದೆ. ಒಂಚೂರು ನೀರು ಹೆಚ್ಚಾದರೂ ಕಡಿಮೆಯಾದರೂ ಕಣ ಶ್ವಾಸಕೋಶಕ್ಕೆ ವಾಪಸ್ ತಲುಪೋದರೊಳಗೆ ಬಾಗುತ್ತೋ ಇಲ್ಲವೋ ಅನ್ನೋದು ಬದಲಾಗಿಬಿಡುತ್ತೆ. ಇದನ್ನ ಒಬ್ಬ ರೋಗಿಯ ಜೀವಂತ ಕಣದಲ್ಲಿ ಅಳೀಬೇಕು ಅಂದರೆ ರಕ್ತ ತಾಜಾ ಇರಬೇಕು. ಕಣದ ಬಾಗುವ ಗುಣ ಗಂಟೆಗಳ ಲೆಕ್ಕದಲ್ಲಿ ಬದಲಾಗ್ತಾ ಹೋಗುತ್ತೆ.

ಈಗ ನಕ್ಷೆ ನೋಡಿ. ಕಲ್ಪೆಟ್ಟದಿಂದ ಕೋಝಿಕ್ಕೋಡಿಗೆ ಹೋಗೋಕೆ ಒಂಬತ್ತು ಹೇರ್‌ಪಿನ್ ತಿರುವಿನ ತಾಮರಶ್ಶೇರಿ ಘಟ್ಟ ಇಳೀಬೇಕು, ಮಳೆಗಾಲದಲ್ಲಿ ಅದರ ಪಾಡು ಎಲ್ಲರಿಗೂ ಗೊತ್ತು. ಈ ಕಡೆ ಮೈಸೂರಿಗೆ ಬರೋಣ ಅಂದರೆ ಬಂಡೀಪುರ. 2009ರಿಂದ ಆ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ, ಆಂಬುಲೆನ್ಸಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಆನೆ, ಹುಲಿಯ ದೃಷ್ಟಿಯಿಂದ ಅದು ಸರಿ ಅಂತಲೇ ನನ್ನ ನಿಲುವು. ಆದರೆ ಸಂಜೆ ಬತ್ತೇರಿಯಲ್ಲಿ ತೆಗೆದ ರಕ್ತ ಮೈಸೂರಿನ ಯಂತ್ರದ ಮುಂದೆ ಬರೋದು ಮಾರನೆ ದಿನ. ಐ-ಸ್ಟೆಮ್ ತಾಣದಲ್ಲಿ ಸಮಯ ಕಾದಿರಿಸಬಹುದು, ಘಟ್ಟವನ್ನ ಕಾದಿರಿಸೋಕೆ ಆಗಲ್ಲ. ಎಲ್ಲಿಂದಲೂ ಬಳಸಬಹುದು ಅಂತ ನಾವು ಹೇಳುವ ಹಂಚಿಕೆಯ ಪ್ರಯೋಗಾಲಯ ಕೆಲವು ಪ್ರಶ್ನೆಗಳನ್ನ ಮಾತ್ರ ಎಲ್ಲಿಂದಲೂ ಕೇಳೋಕೆ ಬಿಡುತ್ತೆ. ಉಳಿದ ಪ್ರಶ್ನೆಗಳು ಕೇಳದೇ ಉಳೀತವೆ, ಮತ್ತು ಉಳಿದಿವೆ ಅಂತಲೂ ಯಾವ ವರದಿಯಲ್ಲೂ ಕಾಣೋದಿಲ್ಲ. ಲೇಮನ್ ಕಾಲದಲ್ಲಿ ಪ್ರಶ್ನೆ ಹೊರಗಿನಿಂದ ಬಂತು ಅಂದೆನಲ್ಲ, ಇದು ಅದರದೇ ಮುಂದುವರಿಕೆ.

ಉಪನ್ಯಾಸ ಇಲ್ಲಿಗೆ ನಿಲ್ಲಿಸ್ತೀನಿ, ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.

ಪ್ರಶ್ನೆ (ಜೀವರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು): ಹಿಮೋಗ್ಲೋಬಿನ್ನನ್ನ ಶುದ್ಧ ಮಾಡಿ, ದ್ರವ ಸಾರಜನಕದಲ್ಲಿ ಇಟ್ಟು ಎಲ್ಲಿಗೆ ಬೇಕಾದರೂ ಒಯ್ಯಬಹುದಲ್ಲ? ಹಾಗಿರುವಾಗ ಪ್ರತಿ ಜಿಲ್ಲೆಗೂ ಯಂತ್ರ ಬೇಕು ಅನ್ನೋದು ದುಂದು ಆಗೋದಿಲ್ವಾ?

ಒಯ್ಯಬಹುದು ಮೇಡಂ, ಪ್ರೋಟೀನಿನ ಮಟ್ಟದ ಪ್ರಶ್ನೆಗೆ ಅದು ಸಾಕು. ಇಡೀ ಕಣದ ಪ್ರಶ್ನೆಗೆ ಸಾಲದು, ಹೆಪ್ಪುಗಟ್ಟಿಸಿದರೆ ಕಣ ಒಡೆಯುತ್ತೆ. ಎನ್‌ಎಂಆರ್, ಎಕ್ಸ್-ರೇ ವಯನಾಡಿಗೆ ಬೇಕು ಅಂತ ನಾನು ಹೇಳ್ತಾ ಇಲ್ಲ. ಅವು ಬೆಂಗಳೂರಿನಲ್ಲೇ, ಕೊಚ್ಚಿಯಲ್ಲೇ ಇರಲಿ. ಸ್ಫಟಿಕ ಬಸ್ಸಿನಲ್ಲಿ ಹೋಗುತ್ತೆ, ಜೀವಂತ ಕಣ ಹೋಗಲ್ಲ. ಯಾವ ಯಂತ್ರ ಎಲ್ಲಿ ಅನ್ನೋದನ್ನ ಈ ಒಂದು ಲೆಕ್ಕದಿಂದಲೇ ಬೇರ್ಪಡಿಸಬಹುದು ಅನ್ಸುತ್ತೆ.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ): ಹಾಗಾದರೆ ಅಲ್ಲಿ ಏನಿಡಬೇಕು, ಯಾರ ಆವರಣದಲ್ಲಿ?

ಉಷ್ಣತೆ ಹತೋಟಿಯಲ್ಲಿಡುವ ಸ್ಪೆಕ್ಟ್ರೋಫೋಟೋಮೀಟರ್, ಆಮ್ಲಜನಕದ ಪ್ರಮಾಣ ಬದಲಿಸುತ್ತಾ ಕಣಗಳನ್ನ ನೋಡುವ ಸೂಕ್ಷ್ಮದರ್ಶಕ, ಎಚ್‌ಪಿಎಲ್‌ಸಿ, ಒಂದು ಸಾಧಾರಣ ಸೆಂಟ್ರಿಫ್ಯೂಜ್, ಮಳೆಗಾಲದಲ್ಲಿ ಕರೆಂಟು ಹೋದರೆ ತಡೆಯುವ ವ್ಯವಸ್ಥೆ. ಜಾಗ ಮಾನಂದವಾಡಿ ಅಂತ ನನ್ನ ಆಯ್ಕೆ, ಯಾಕಂದರೆ ವೈದ್ಯಕೀಯ ಕಾಲೇಜು ಮತ್ತು ವಿಶ್ವವಿದ್ಯಾಲಯದ ಆವರಣ ಎರಡೂ ಒಂದೇ ಊರಿನಲ್ಲಿವೆ, ರೋಗಿಗಳು ಹೇಗೂ ಅಲ್ಲಿಗೆ ಬರ್ತಾರೆ. ಪೂಕೋಡಿನವರು ಪಾಲುದಾರರಾಗಬಹುದು, ಎಚ್.ಡಿ. ಕೋಟೆ ಕಡೆಯವರು ಬಾವಲಿ ದಾರಿಯಲ್ಲಿ ಹಗಲಲ್ಲಿ ಬಂದು ಹೋಗಬಹುದು. ಎರಡು ರಾಜ್ಯಗಳ ವಿಶ್ವವಿದ್ಯಾಲಯಗಳು ಒಂದು ಲಾಗ್ ಪುಸ್ತಕಕ್ಕೆ ಸಹಿ ಹಾಕುವ ಒಪ್ಪಂದ ಬರೆಯೋದು ಯಂತ್ರ ಕೊಳ್ಳೋದಕ್ಕಿಂತ ಕಷ್ಟ, ಅದು ಗೊತ್ತು. ಇನ್ನೊಂದು, ಇಬ್ಬರು ತಂತ್ರಜ್ಞರ ಕಾಯಂ ಹುದ್ದೆಯನ್ನ ಪ್ರಸ್ತಾವನೆಯ ಮೊದಲ ಪುಟದಲ್ಲೇ ಬರೀಬೇಕು. ಆ ಹುದ್ದೆಗೆ ಅಲ್ಲಿನ ಸಮುದಾಯಗಳ ಬಿಎಸ್ಸಿ ಓದಿದ ಮಕ್ಕಳನ್ನ ತಗೊಂಡು ಬೆಂಗಳೂರಿನಲ್ಲಿ ತರಬೇತಿ ಕೊಡಬಹುದು. ರಕ್ತ ಕೊಟ್ಟವರ ಮನೆಗೆ ಫಲಿತಾಂಶ ತಗೊಂಡು ಹೋಗಿ ಅವರ ಮಾತಿನಲ್ಲೇ ವಿವರಿಸುವ ಕೆಲಸವೂ ಆ ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಇರಬೇಕು.